ಒಂದೇ ಅಲ್ಯುಮಿನಾ ಉಂಗುರ, ಮೂರು ರಿಪೋರ್ಟ್: ಯಾವುದನ್ನು ನಂಬೋದು?

ಪ್ರಶ್ನೆ: ಮೇಡಂ, ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಘಟಕ ಇದೆ. ಪಂಪ್ ಸೀಲ್‌ಗೆ ಹಾಕುವ ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ಉಂಗುರಗಳನ್ನು ಮಾಡುತ್ತೇವೆ. ಗಿರಾಕಿ ಕೇಳುವುದು ಕನಿಷ್ಠ ಶೇ. 99.5 ಅಲ್ಯುಮಿನಾ. ಈ ಸಲ ಒಂದೇ ಲಾಟಿನ ಉಂಗುರಗಳನ್ನು ಮೂರು ಲ್ಯಾಬ್‌ಗೆ ಕಳಿಸಿದೆವು. ಮೊದಲನೆಯವರು ಅಲ್ಯುಮಿನಾ 99.6, ಸಿಲಿಕಾ 0.14 ಅಂದರು. ಎರಡನೆಯವರು ಅಲ್ಯುಮಿನಾ 99.4, ಸಿಲಿಕಾ 0.31 ಅಂದರು. ಮೂರನೆಯವರು ಅಲ್ಯುಮಿನಾ 99.1, ಸಿಲಿಕಾ 0.14, ಜೊತೆಗೆ ಟಂಗ್‌ಸ್ಟನ್ 0.44, ಕೋಬಾಲ್ಟ್ 0.03 ಅಂತ ಕೊಟ್ಟಿದ್ದಾರೆ. ಟಂಗ್‌ಸ್ಟನ್, ಕೋಬಾಲ್ಟ್ ಎರಡನ್ನೂ ನಾವು ಕಣ್ಣಲ್ಲೂ ನೋಡಿಲ್ಲ. ಗಿರಾಕಿ ಮೂರನೆಯ ರಿಪೋರ್ಟ್ ಹಿಡಿದುಕೊಂಡು ಲಾಟ್ ವಾಪಸ್ ಕಳಿಸುತ್ತೇನೆ ಅಂತಿದ್ದಾರೆ. ಯಾರ ಮಷಿನ್ ಕೆಟ್ಟಿದೆ? ಮುಂದಿನ ಸಲ ಸ್ಯಾಂಪಲ್ ಹೇಗೆ ಕೊಡಬೇಕು? ಸಿಲಿಕಾನ್ ಕಾರ್ಬೈಡ್ ಉಂಗುರವನ್ನೂ ಶುರು ಮಾಡುತ್ತಿದ್ದೇವೆ. ಅದಕ್ಕೂ ಇದೇ ಕ್ರಮ ಸಾಕಾ?

ಉತ್ತರ: ಯಾರ ಮಷಿನ್ನೂ ಕೆಟ್ಟಿಲ್ಲ. ಮೂರೂ ಲ್ಯಾಬಿನವರು ತಮ್ಮ ಮುಂದೆ ಬಂದ ಪುಡಿಯಲ್ಲಿ ಏನಿತ್ತೋ ಅದನ್ನೇ ಅಳೆದಿದ್ದಾರೆ. ಆದರೆ ಆ ಪುಡಿಗಳು ಮೂರು ಥರ. ನಿಮ್ಮ ಉಂಗುರ ಪುಡಿಯಾಗುವಾಗ, ಪುಡಿ ಮಾಡಿದ ಪಾತ್ರೆಯೂ ಒಂದಿಷ್ಟು ಸವೆದು ಅದರೊಳಗೆ ಸೇರಿಕೊಂಡಿದೆ. ನಿಮ್ಮ ಅಂಕಿಗಳನ್ನು ಇಟ್ಟುಕೊಂಡೇ ಅದನ್ನು ತೋರಿಸುತ್ತೇನೆ. ಒಂದು ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂತುಕೊಳ್ಳಿ.

ಮೊದಲು ಎರಡನೆಯ ರಿಪೋರ್ಟ್. ಸಿಲಿಕಾ 0.14 ಇರಬೇಕಾದ ಕಡೆ 0.31 ಬಂದಿದೆ. ಜಾಸ್ತಿ ಬಂದದ್ದು 0.17. ಲ್ಯಾಬಿನಲ್ಲಿ ಒಂದು ಸಲಕ್ಕೆ 20 ಗ್ರಾಂ ಅರೆದರು ಅಂದುಕೊಳ್ಳಿ. 20 ಗ್ರಾಂನಲ್ಲಿ ಶೇ. 0.17 ಅಂದರೆ 34 ಮಿಲಿಗ್ರಾಂ. ಒಂದು ಅಕ್ಕಿಕಾಳು ಇಪ್ಪತ್ತು ಚಿಲ್ಲರೆ ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದೂವರೆ ಅಕ್ಕಿಕಾಳಿನಷ್ಟು ಕಲ್ಲು ಪಾತ್ರೆಯಿಂದ ಸವೆದು ಬಂದರೆ ಸಾಕು, ನಿಮ್ಮ ಸಿಲಿಕಾ ಎರಡು ಪಟ್ಟಿಗಿಂತ ಜಾಸ್ತಿ ಕಾಣುತ್ತದೆ. ಆ ಕಲ್ಲು ಅಗೇಟ್. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬೂದು ಪಟ್ಟೆಗಳ ನುಣುಪಾದ ಪುಟ್ಟ ಖಲ್ಬತ್ತು ನೋಡಿರುತ್ತೀರಿ, ಅದೇ. ಅಗೇಟ್ ಅಂದರೆ ಹೆಚ್ಚುಕಡಿಮೆ ಅಪ್ಪಟ ಸಿಲಿಕಾ. ಬೇರೆ ಏನೂ ಸೇರದಂತೆ ಅರೆಯಬೇಕು ಅಂದಾಗ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಮೆತ್ತಗಿನ ವಸ್ತುಗಳಿಗೆ ಅದು ಒಳ್ಳೆಯದೇ. ಅಲ್ಯುಮಿನಾಕ್ಕೆ ಮಾತ್ರ ಸಲ್ಲದು.

ಈಗ ಮೂರನೆಯದು. ಇದು ನನಗೆ ತುಂಬ ಇಷ್ಟವಾದ ರಿಪೋರ್ಟ್, ಯಾಕೆಂದರೆ ಕಳ್ಳ ತನ್ನ ಹೆಸರು, ಊರು ಎರಡನ್ನೂ ಬರೆದಿಟ್ಟು ಹೋಗಿದ್ದಾನೆ. ಟಂಗ್‌ಸ್ಟನ್ 0.44, ಕೋಬಾಲ್ಟ್ 0.03. ಭಾಗಿಸಿ ನೋಡಿ, ಸುಮಾರು 15ಕ್ಕೆ 1. ಗಟ್ಟಿ ವಸ್ತುಗಳನ್ನು ಅರೆಯುವ ರಿಂಗ್ ಮಿಲ್ಲಿನ ಬಟ್ಟಲು, ಬಳೆಗಳನ್ನು ಟಂಗ್‌ಸ್ಟನ್ ಕಾರ್ಬೈಡ್ ಕಣಗಳಿಂದ ಮಾಡುತ್ತಾರೆ. ಕಣ ಕಣಕ್ಕೆ ಅಂಟು ಕೋಬಾಲ್ಟ್. ನೂರಕ್ಕೆ 6 ಪಾಲು ಕೋಬಾಲ್ಟ್ ಇರುವ ದರ್ಜೆ ತುಂಬ ಸಾಮಾನ್ಯ. ಉಳಿದ 94 ಪಾಲು ಕಾರ್ಬೈಡಿನಲ್ಲಿ ಟಂಗ್‌ಸ್ಟನ್ 88 ಪಾಲು. 88ನ್ನು 6ರಿಂದ ಭಾಗಿಸಿದರೆ 15ಕ್ಕೆ ಕೂದಲೆಳೆ ಕಡಿಮೆ. ನಿಮ್ಮ ಅಲ್ಯುಮಿನಾದಲ್ಲಿ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಇದೇ ಅನುಪಾತದಲ್ಲಿ ತಾವಾಗಿ ಬಂದು ಸೇರಲು ಬೇರೆ ಕಾರಣ ನನಗಂತೂ ಹೊಳೆಯುವುದಿಲ್ಲ. 0.03 ಕೋಬಾಲ್ಟ್ ಬಂದಿದೆ ಅಂದರೆ ಒಟ್ಟು ಶೇ. 0.5ರಷ್ಟು ಮಿಲ್ ನಿಮ್ಮ ಪುಡಿಯಲ್ಲಿದೆ. ಅಷ್ಟನ್ನು ಕಳೆದು ಲೆಕ್ಕ ಹಾಕಿ: 99.1ನ್ನು 0.995ರಿಂದ ಭಾಗಿಸಿದರೆ 99.6. ಎರಡನೆಯ ರಿಪೋರ್ಟಿಗೂ ಇದೇ ಲೆಕ್ಕ ಮಾಡಿ. ಅಗೇಟ್ 0.17 ತೆಗೆದರೆ ಅದೂ 99.6ಕ್ಕೇ ಬಂದು ನಿಲ್ಲುತ್ತದೆ.

ಮೂರೂ ಒಂದೇ ಮಾತು ಹೇಳುತ್ತಿವೆ ನೋಡಿ.

ಹಾಗಾದರೆ ಮೊದಲನೆಯವರು ಏನು ಮಾಡಿದರು? ಬಹುಶಃ ಅಲ್ಯುಮಿನಾದ್ದೇ ಬಟ್ಟಲಲ್ಲಿ ಅರೆದಿದ್ದಾರೆ. ಅವರ ಬಟ್ಟಲೂ ಸವೆದಿದೆ, ಅದರಲ್ಲಿ ಅನುಮಾನ ಬೇಡ. ಆದರೆ ಅಲ್ಯುಮಿನಾದೊಳಗೆ ಅಲ್ಯುಮಿನಾ ಬಿದ್ದರೆ ಯಾರಿಗೆ ಗೊತ್ತಾಗಬೇಕು? ಫೋನ್ ಮಾಡಿ ಒಂದು ಮಾತು ಕೇಳಿಬಿಡಿ. ಮೂರು ಲ್ಯಾಬ್‌ಗೂ ಕೇಳಿ. "ಯಾವುದರಲ್ಲಿ ಅರೆದಿರಿ?" ಅನ್ನುವ ಪ್ರಶ್ನೆಗೆ ಒಳ್ಳೆಯ ಲ್ಯಾಬ್ ಥಟ್ಟನೆ ಉತ್ತರ ಕೊಡುತ್ತದೆ. ತಡವರಿಸಿದರೆ ಅದೂ ಒಂದು ಉತ್ತರವೇ.

ಇನ್ನು, ಇಷ್ಟು ಗಟ್ಟಿಯಾದ ಟಂಗ್‌ಸ್ಟನ್ ಕಾರ್ಬೈಡ್ ಕೂಡ ಸವೆಯುತ್ತದಾ ಅಂತ ಕೇಳಬಹುದು. ನಾವು ಶಾಲೆಯಲ್ಲಿ ಕಲಿತ ಗಡಸುತನದ ಮೋಹ್ಸ್ ಮಾಪನ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರಲ್ಲಿ ಕ್ವಾರ್ಟ್ಜ್ (ಅಗೇಟ್ ಕೂಡ ಅದೇ ಜಾತಿ) 7, ಕೊರಂಡಮ್ 9. ಎರಡೇ ಮೆಟ್ಟಿಲು ತಾನೇ ಅನ್ನಿಸುತ್ತದೆ. ವಜ್ರದ ಮೊನೆ ಒತ್ತಿ ಅಳೆಯುವ ನೂಪ್ ಮಾಪನದಲ್ಲಿ ನೋಡಿದರೆ ಕ್ವಾರ್ಟ್ಜ್ ಸುಮಾರು 820, ಟಂಗ್‌ಸ್ಟನ್ ಕಾರ್ಬೈಡ್ 1900ರ ಹತ್ತಿರ, ಕೊರಂಡಮ್ ಸುಮಾರು 2100, ಸಿಲಿಕಾನ್ ಕಾರ್ಬೈಡ್ 2500ರ ಹತ್ತಿರ. ನಿಮ್ಮ ಅಲ್ಯುಮಿನಾ ಉಂಗುರ ಅಂದರೆ ಕೊರಂಡಮ್ಮೇ, ಸಣ್ಣ ಸಣ್ಣ ಹರಳುಗಳು ಒತ್ತಾಗಿ ಕೂಡಿಕೊಂಡದ್ದು. ಅಂದಹಾಗೆ ಕೊರಂಡಮ್ ಅನ್ನುವ ಹೆಸರು ಹೋದದ್ದು ನಮ್ಮ ಕಡೆಯಿಂದಲೇ, ತಮಿಳಿನ ಕುರುಂದಂ ಎಂಬ ಮಾತಿನಿಂದ. ಕತ್ತಿ ಮಸೆಯುವ ಕಲ್ಲು ಅದು. ಮಸೆಯುವ ಕಲ್ಲನ್ನೇ ಅರೆಯಲು ಹೊರಟರೆ ಅರೆಯುವ ಪಾತ್ರೆ ಸವೆಯದೆ ಇನ್ನೇನಾಗುತ್ತದೆ!

ಹಾಗಾಗಿ ಏನೂ ಸೇರದ ಹಾಗೆ ಅರೆಯುವುದು ಹೇಗೆ ಅಂತ ಹುಡುಕಬೇಡಿ. ಏನೋ ಒಂದು ಸೇರಿಯೇ ಸೇರುತ್ತದೆ. ನಿಮ್ಮ ಲೆಕ್ಕ ಕೆಡಿಸದಂಥದ್ದು ಸೇರಲಿ ಅಂತ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಯಾವ ಧಾತುವಿನ ಅಳತೆ ಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ, ಪಾತ್ರೆಯನ್ನು ಆಮೇಲೆ ಆರಿಸಿ. ಸಿಲಿಕಾ ಬೇಕಾದರೆ ಅಗೇಟ್ ಬೇಡ. ಕಬ್ಬಿಣ, ಕ್ರೋಮಿಯಂ ಬೇಕಾದರೆ ಸ್ಟೀಲ್ ಬೇಡ. ಜಿರ್ಕೋನಿಯಾ ಬಟ್ಟಲಿನಿಂದ ಜಿರ್ಕೋನಿಯಂ ಜೊತೆ ಹಾಫ್ನಿಯಂ, ಇಟ್ರಿಯಂ ಕೂಡ ಬರುತ್ತವೆ. ಅಲ್ಯುಮಿನಾ ಬಟ್ಟಲು ನಿಮಗೆ ಸರಿ, ಆದರೆ ಅದರ ಶುದ್ಧತೆ ಕೇಳಿ. 99.7ರ ಬಟ್ಟಲು ಶೇ. 0.5ರಷ್ಟು ಸವೆದು ಸೇರಿದರೂ ಅದರಿಂದ ಬರುವ ಬೇರೆ ಆಕ್ಸೈಡ್ ಎಲ್ಲ ಕೂಡಿ 0.0015. ಲೆಕ್ಕಕ್ಕಿಲ್ಲ. ಅಗ್ಗದ 95ರ ಬಟ್ಟಲಾದರೆ ಅದೇ ಸವೆತದಿಂದ 0.025, ಅದರಲ್ಲಿ ದೊಡ್ಡ ಪಾಲು ಸಿಲಿಕಾ. 0.14 ಅಳೆಯುವಾಗ ಅದನ್ನು ಅಲಕ್ಷ್ಯ ಮಾಡುವ ಹಾಗಿಲ್ಲ.

ಈಗ ಕೆಲಸದ ವಿಷಯಕ್ಕೆ ಬರೋಣ. ಕನ್ನಡದಲ್ಲಿ ಕುಟ್ಟುವುದು ಬೇರೆ, ಅರೆಯುವುದು ಬೇರೆ, ಬೀಸುವುದು ಬೇರೆ ಅಲ್ವಾ? ಅಡುಗೆಮನೆಯ ಆ ವ್ಯತ್ಯಾಸ ಇಲ್ಲಿ ತುಂಬ ಕೆಲಸಕ್ಕೆ ಬರುತ್ತದೆ. ಕುಟ್ಟಿದಾಗ ಪಾತ್ರೆಗೂ ವಸ್ತುವಿಗೂ ಒಂದು ಕ್ಷಣದ ಗುದ್ದಾಟ ಅಷ್ಟೇ. ಅರೆದಾಗ ಎರಡೂ ಮೈ ಉಜ್ಜಿಕೊಂಡೇ ಇರುತ್ತವೆ. ಸವೆತ ಬರುವುದು ಆ ಉಜ್ಜಾಟದಿಂದ. ಸಿರಾಮಿಕ್‌ಗೆ ಗುದ್ದು ತಡೆಯುವ ಶಕ್ತಿ ಕಡಿಮೆ, ಉಜ್ಜುವಿಕೆ ತಡೆಯುವ ಶಕ್ತಿ ಅಪಾರ. ಹಾಗಾಗಿ ಆದಷ್ಟೂ ಕುಟ್ಟಿ, ಕೊನೆಗೆ ಚೂರೇ ಚೂರು ಅರೆಯಿರಿ.

ಆದರೆ ಕುಟ್ಟುವ ಮೊದಲು ತೊಳೆಯಬೇಕು. ನಿಮ್ಮದು ಸೀಲ್ ಉಂಗುರ. ಮುಖ ನುಣುಪು ಮಾಡಲು ಲ್ಯಾಪಿಂಗ್ ಮಾಡಿರುತ್ತೀರಿ. ಆ ಪೇಸ್ಟಿನಲ್ಲಿ ಸಿಲಿಕಾನ್ ಕಾರ್ಬೈಡ್ ಇದ್ದರೆ ಕಣಗಳು ಮೈಯಲ್ಲಿ ಕಚ್ಚಿಕೊಂಡು ಕೂತಿರುತ್ತವೆ, ರಿಪೋರ್ಟಿನಲ್ಲಿ ಸಿಲಿಕಾ ಆಗಿ ಏಳುತ್ತವೆ. ಬೀಡುಕಬ್ಬಿಣದ ಲ್ಯಾಪಿಂಗ್ ಪ್ಲೇಟ್ ಆದರೆ ಕಬ್ಬಿಣ. ವಜ್ರದ ಚಕ್ರದಲ್ಲಿ ಕತ್ತರಿಸಿದ್ದರೆ ಅದರ ಕಂಚಿನ ಕಟ್ಟಿನಿಂದ ತಾಮ್ರ, ತವರ. ತೊಳೆದ ನೀರು ಬೋರ್‌ವೆಲ್‌ದಾದರೆ ಗೀಸರ್ ಕಾಯಿಲ್‌ಗೆ ಕಟ್ಟಿಕೊಳ್ಳುತ್ತದಲ್ಲ ಬಿಳಿ ಪದರ, ಅದೇ ಕ್ಯಾಲ್ಸಿಯಂ ಇಲ್ಲೂ ಒಣಗಿ ಕೂರುತ್ತದೆ. ಅದಕ್ಕೇ ಲ್ಯಾಪಿಂಗ್ ಆಗದ, ಗೂಡಿನಿಂದ ಹೊರಬಂದ ಹಾಗೇ ಇರುವ ಉಂಗುರ ಕೊಟ್ಟರೆ ಅರ್ಧ ತಲೆನೋವು ಅಲ್ಲೇ ಹೋಯಿತು. ಲ್ಯಾಪ್ ಆದದ್ದೇ ಕೊಡಬೇಕಾದರೆ ಸೋಪುನೀರು, ಆಮೇಲೆ ಅರ್ಧಕ್ಕರ್ಧ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಅರ್ಧ ಗಂಟೆ ಬಿಸಿ, ಆಮೇಲೆ ಡಿಅಯೊನೈಸ್ಡ್ (ಲವಣ ತೆಗೆದ) ನೀರಿನಲ್ಲಿ ಎರಡು ಮೂರು ಸಲ ಅಲ್ಟ್ರಾಸೋನಿಕ್, ಅಂದರೆ ಕಿವಿಗೆ ಕೇಳದ ಶಬ್ದದ ಕಂಪನದಿಂದ ತೊಳೆಯುವುದು. 110 ಡಿಗ್ರಿಯಲ್ಲಿ ಒಣಗಿಸಿ. ಕಚ್ಚಿಕೊಂಡ ಸಿಲಿಕಾನ್ ಕಾರ್ಬೈಡ್ ಆಸಿಡ್‌ಗೆ ಕರಗುವುದಿಲ್ಲ ಅನ್ನುವುದು ನೆನಪಿರಲಿ. ಅದಕ್ಕೆ ಅಲ್ಟ್ರಾಸೋನಿಕ್ ಒಂದೇ ಗತಿ, ಅದೂ ಪೂರ್ತಿ ಅಲ್ಲ.

ಒಡೆಯುವುದಕ್ಕೆ ಒಂದು ಹಳೆಯ ಉಪಾಯ ಇದೆ. ನಮ್ಮ ಕಡೆ ಬಂಡೆ ಒಡೆಯುವವರು ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಚಪ್ಪಡಿ ಎಬ್ಬಿಸುತ್ತಾರೆ. ಅಲ್ಯುಮಿನಾಕ್ಕೂ ಅದೇ ದೌರ್ಬಲ್ಯ. ಸುಮಾರು 200 ಡಿಗ್ರಿ ವ್ಯತ್ಯಾಸದಲ್ಲಿ ತಣ್ಣೀರಿಗೆ ಬಿದ್ದರೆ ಸಾಕು, ಒಳಗೆಲ್ಲ ಕೂದಲಿನಂಥ ಬಿರುಕು ಬಿಡುತ್ತದೆ. ಚೂರುಗಳನ್ನು ಮುಚ್ಚುಗೂಡಿನಲ್ಲಿ, ಅದೇ ಮಫಲ್ ಫರ್ನೇಸಿನಲ್ಲಿ, 800 ಡಿಗ್ರಿಗೆ ಕಾಯಿಸಿ ಎರಡು ಲೀಟರ್ ಶುದ್ಧ ನೀರಿಗೆ ಸುರಿಯಿರಿ. ಚುಂಯ್ ಅಂತ ಸದ್ದು, ಆಮೇಲೆ ಚಟಚಟ. ಕನ್ನಡಕ, ಮುಖಕ್ಕೆ ಶೀಲ್ಡ್ ಇಲ್ಲದೆ ಇದನ್ನು ಮಾಡಬೇಡಿ. ಚೂರುಗಳನ್ನು ಇಕ್ಕಳದಲ್ಲಿ ಎತ್ತಬೇಡಿ, ಇಕ್ಕಳದ ಮೇಲಿನ ತುಕ್ಕು ಅಂಟಿಕೊಳ್ಳುತ್ತದೆ. ಸಿಲಿಕಾ ಬಟ್ಟಲಿನಲ್ಲಿಟ್ಟು ಬಟ್ಟಲನ್ನೇ ಬಗ್ಗಿಸಿ. ಹೀಗೆ ಬಿರುಕು ಬಿಟ್ಟ ಚೂರು ಆಮೇಲೆ ನಾಲ್ಕು ಪೆಟ್ಟಿಗೆ ಉದುರುತ್ತದೆ. ಒಂದು ಎಚ್ಚರಿಕೆ: ಬಿರುಕಿನೊಳಗೆ ನೀರು ನುಗ್ಗಿ ಸೋಡಿಯಂ ಸ್ವಲ್ಪ ತೊಳೆದು ಹೋಗಬಹುದು. ಸೋಡಿಯಂ ನೋಡುವ ಪಾಲನ್ನು ನೀರಿಗೆ ಹಾಕಬೇಡಿ, ಒಣದಾಗಿಯೇ ಒಡೆಯಿರಿ.

ಒಣದಾಗಿ ಒಡೆಯುವುದು ಅಂದರೆ ದಪ್ಪ ಪಾಲಿಥೀನ್ ಚೀಲ ನಾಲ್ಕು ಸುತ್ತು ಸುತ್ತಿ, ಗಟ್ಟಿ ಉಕ್ಕಿನ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯುವುದು. ಉಕ್ಕು ಉಂಗುರವನ್ನು ಮುಟ್ಟುವುದೇ ಇಲ್ಲ. ಕಡಲೆಬೀಜದಷ್ಟು ಚೂರಾದ ಮೇಲೆ ಉಕ್ಕಿನ ಕುಟ್ಟಾಣಿಗೆ ಹಾಕಿ. ನಮ್ಮಜ್ಜಿ ಹಲ್ಲು ಹೋದ ಮೇಲೆ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರಲ್ಲ, ಆ ಕಬ್ಬಿಣದ ಕುಟ್ಟಾಣಿಯ ದೊಡ್ಡಣ್ಣ ಅದು. ಉಕ್ಕಿನ ಗುಂಡಿ, ಅದರೊಳಗೆ ಸರಿಯಾಗಿ ಕೂರುವ ಉಕ್ಕಿನ ಕಂಬಿ, ಮೇಲಿನಿಂದ ಸುತ್ತಿಗೆ. ಹೊಡೆಯಿರಿ, ತಿರುಗಿಸಬೇಡಿ. ತಿರುಗಿಸಿದರೆ ಅದು ಅರೆಯುವುದಾಯಿತು. ಚಿಟಿಕೆ ಚಿಟಿಕೆಯಾಗಿ ಹಾಕಿ, ನಾಲ್ಕು ಪೆಟ್ಟಿಗೊಮ್ಮೆ ಜರಡಿ ಹಿಡಿದು, ಉಳಿದದ್ದನ್ನು ಮತ್ತೆ ಹಾಕಿ. ಬೇಸರದ ಕೆಲಸ. ನನ್ನ ಕೈಕೆಳಗೆ ಕಲಿತ ಹುಡುಗರೆಲ್ಲ ಬೈದುಕೊಂಡೇ ಮಾಡಿದ್ದಾರೆ.

ಕುಟ್ಟಾಣಿಯಿಂದ ಕಬ್ಬಿಣ ಬರುತ್ತದಲ್ಲ ಅಂದರೆ, ಬರುತ್ತದೆ. ಆದರೆ ಈ ಕಬ್ಬಿಣವನ್ನು ವಾಪಸ್ ತೆಗೆಯಬಹುದು. ಅಗೇಟ್ ಬಿದ್ದರೆ ತೆಗೆಯುವ ದಾರಿ ಇಲ್ಲ. ಪ್ಲಾಸ್ಟಿಕ್ ಸುತ್ತಿದ ಬಲವಾದ ಅಯಸ್ಕಾಂತವನ್ನು ಪುಡಿಯ ಮೇಲೆ ಆಡಿಸಿದರೆ ಕಪ್ಪು ಮೀಸೆಯಂತೆ ಅಂಟಿಕೊಂಡು ಬರುತ್ತದೆ. ಕುಟ್ಟಾಣಿ ಮ್ಯಾಂಗನೀಸ್ ಸ್ಟೀಲಿನದಾದರೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಅಯಸ್ಕಾಂತ ಹಿಡಿಯದು. ಕೊಳ್ಳುವಾಗಲೇ ಅಯಸ್ಕಾಂತ ಇಟ್ಟು ನೋಡಿಬಿಡಿ. ಉಳಿದ ಚೂರುಪಾರು ಕಬ್ಬಿಣಕ್ಕೆ ದುರ್ಬಲ ಹೈಡ್ರೋಕ್ಲೋರಿಕ್ ಆಸಿಡ್. ಕೊರಂಡಮ್ ಹರಳು ಅದಕ್ಕೆ ಜಗ್ಗುವುದಿಲ್ಲ. ಆದರೆ ಹರಳುಗಳ ಸಂದಿಯಲ್ಲಿ ಗಾಜಿನಂಥ ಅಂಶ ಇರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ ಕೂತಿರುವುದೇ ಅಲ್ಲಿ. ಆಸಿಡ್ ಅದನ್ನು ಒಂದಿಷ್ಟು ತಿನ್ನುತ್ತದೆ. ಹಾಗಾಗಿ ಆಸಿಡ್‌ನಲ್ಲಿ ತೊಳೆದ ಪುಡಿಯಲ್ಲಿ ಕಬ್ಬಿಣ ನೋಡಿ, ತೊಳೆಯದ ಪುಡಿಯಲ್ಲಿ ಉಳಿದದ್ದು ನೋಡಿ. ಒಂದೇ ಪುಡಿಯಿಂದ ಎಲ್ಲವನ್ನೂ ಹೇಳಿಸುವ ಆಸೆ ಬಿಡಬೇಕು. ಒಂದು ಸ್ಯಾಂಪಲ್‌ಗೆ ಎರಡು, ಕೆಲವೊಮ್ಮೆ ಮೂರು ಪಾಲು ಮಾಡಲೇಬೇಕು. ಲ್ಯಾಬಿನವರು ಇದಕ್ಕೆ ಜಾಸ್ತಿ ದುಡ್ಡು ಕೇಳುತ್ತಾರೆ. ಕೊಡಿ. ವಾಪಸ್ ಬರುವ ಲಾಟಿಗಿಂತ ಅಗ್ಗ.

ಕೊನೆಯ ಅರೆತ ಅಲ್ಯುಮಿನಾ ಬಟ್ಟಲಲ್ಲಿ. ಎಷ್ಟು ನುಣ್ಣಗೆ? ಬೀಡ್ (ಪರೀಕ್ಷೆಗೆ ಪುಡಿ ಕರಗಿಸಿ ಮಾಡುವ ಗಾಜಿನ ಬಿಲ್ಲೆ) ಮಾಡುವುದಕ್ಕೆ 75 ಮೈಕ್ರಾನ್, ಅಂದರೆ 200 ಮೆಶ್ ಜರಡಿ ದಾಟಿದರೆ ಸಾಕು. ಆಸಿಡ್‌ನಲ್ಲಿ ಕರಗಿಸುವುದಾದರೆ 45 ಮೈಕ್ರಾನ್. ಕೈಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಬೆರಳಿಗೆ ಚಿರೋಟಿ ರವೆ ಥರ ಸಿಕ್ಕರೆ ಇನ್ನೂ ಆಗಿಲ್ಲ, ಮೈದಾ ಥರ ಆದರೆ ಆಯಿತು. ಅದಕ್ಕಿಂತ ನುಣ್ಣಗೆ ಅರೆಯುತ್ತ ಕೂತರೆ ಸವೆತ ಏರುತ್ತ ಹೋಗುತ್ತದೆಯೇ ಹೊರತು ಲಾಭ ಇಲ್ಲ. 20 ಸೆಕೆಂಡ್ ಅರೆಯಿರಿ, ಜರಡಿ ಹಿಡಿಯಿರಿ, ಉಳಿದದ್ದನ್ನಷ್ಟೇ ಮತ್ತೆ ಅರೆಯಿರಿ. ಜರಡಿ ಹಿತ್ತಾಳೆಯದಾದರೆ ತಾಮ್ರ, ಸತು ಬರುತ್ತವೆ, ನೈಲಾನ್ ಬಲೆಯದು ತೆಗೆದುಕೊಳ್ಳಿ. ಮತ್ತೆ, ಜರಡಿಯಲ್ಲಿ ಕೊನೆಗೆ ಉಳಿಯುವ ನಾಲ್ಕು ಕಾಳನ್ನು "ಹೋಗಲಿ ಬಿಡು" ಅಂತ ಎಸೆಯುವ ಅಭ್ಯಾಸ ಎಲ್ಲ ಕಡೆ ಇದೆ. ಎಸೆಯಬಾರದು. ಪುಡಿಯಾಗದೆ ಉಳಿಯುವುದು ಗಟ್ಟಿ ಭಾಗ, ಮೊದಲು ಪುಡಿಯಾಗುವುದು ಗಾಜಿನ ಭಾಗ. ಉಳಿದದ್ದನ್ನು ಎಸೆದರೆ ನಿಮ್ಮ ಸಿಲಿಕಾ ಇದ್ದದ್ದಕ್ಕಿಂತ ಜಾಸ್ತಿ ತೋರುತ್ತದೆ. ಹಾಕಿದ್ದೆಲ್ಲ ಜರಡಿ ದಾಟಲೇಬೇಕು.

ಹೊಸ ಒರಳಿನಲ್ಲಿ ಮೊದಲ ಸಲ ಅರೆದದ್ದನ್ನು ಮನೆಯಲ್ಲಿ ತಿನ್ನುವುದಿಲ್ಲ ಅಲ್ವಾ, ಕಲ್ಲಿನ ಹರಳು ಬರುತ್ತದೆ ಅಂತ? ಇಲ್ಲೂ ಹಾಗೇ. ಬಟ್ಟಲಿನಲ್ಲಿ ಹಿಂದಿನ ಗಿರಾಕಿಯ ಸ್ಯಾಂಪಲ್ ಮೆತ್ತಿಕೊಂಡಿರುತ್ತದೆ. ನಿಮ್ಮದೇ ಚೂರು ಒಂದೆರಡು ಗ್ರಾಂ ಅರೆದು ಎಸೆದು, ಆಮೇಲೆ ನಿಜವಾದ ಸ್ಯಾಂಪಲ್ ಹಾಕಬೇಕು.

ಲ್ಯಾಬಿನವರು ನಿಮಗೆ ಒಂದು ಮಾತು ಹೇಳಬಹುದು: "ನಮ್ಮ ಮಷಿನ್‌ನಲ್ಲಿ ಸರ್ಟಿಫೈಡ್ ಸ್ಟ್ಯಾಂಡರ್ಡ್ ಹಾಕಿ ನೋಡಿದ್ದೇವೆ, ಕರೆಕ್ಟಾಗಿ ಬಂದಿದೆ." ಸ್ಟ್ಯಾಂಡರ್ಡ್ ಅಂದರೆ ಯಾವ ಅಂಶ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ಮಾದರಿ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೊಡುವ ಎಸ್‌ಆರ್‌ಎಂ 699 ಎಂಬ ಅಲ್ಯುಮಿನಾ ಸ್ಟ್ಯಾಂಡರ್ಡ್ ಬಾಟಲಿಯಲ್ಲಿ ಪುಡಿಯಾಗಿಯೇ ಬರುತ್ತದೆ. ಅದನ್ನು ಯಾರೂ ಅರೆಯುವುದಿಲ್ಲ. ಹಾಗಾಗಿ ಅದು ಮಷಿನ್ನಿಗೆ ಪರೀಕ್ಷೆ, ಅರೆಯುವ ಕೋಣೆಗೆ ಅಲ್ಲ. ಅರೆಯುವ ಕೋಣೆಯನ್ನು ಪರೀಕ್ಷಿಸಬೇಕಾದರೆ ಗೊತ್ತಿರುವ ಗಟ್ಟಿ ಚೂರನ್ನೇ ಕುಟ್ಟಿ, ಅರೆದು ನೋಡಬೇಕು. ನಾನು ಬಳಸುತ್ತಿದ್ದದ್ದು ಸಿಂಥೆಟಿಕ್ ಸಫೈರ್, ದುಬಾರಿ ವಾಚಿನ ಗಾಜು ಮಾಡುವ ವಸ್ತು. ಬಣ್ಣವಿಲ್ಲದ ಸಫೈರ್ ಅಂದರೆ ಅಪ್ಪಟ ಅಲ್ಯುಮಿನಾ ಹರಳು. ಅದನ್ನು ನಿಮ್ಮ ಸ್ಯಾಂಪಲ್ ಥರವೇ ಮೊದಲಿನಿಂದ ಕೊನೆಯವರೆಗೆ ನಡೆಸಿದರೆ, ಕೊನೆಗೆ ಅದರಲ್ಲಿ ಏನು ಸಿಗುತ್ತದೋ ಅದು ನಿಮ್ಮ ಪಾತ್ರೆಗಳು ಕೊಟ್ಟದ್ದು. ಒಡೆದ ಸಫೈರ್ ಗಾಜು ವಾಚ್ ರಿಪೇರಿಯವರ ಹತ್ತಿರ ಕೇಳಿ ನೋಡಿ. ಮೇಲೆ ಲೇಪ ಇಲ್ಲದ್ದನ್ನೇ ಆರಿಸಿ ತೊಳೆಯಿರಿ, ಅಷ್ಟೇ.

ಪುಡಿಯಾದ ಮೇಲಿನ ಕೆಲಸ ಲ್ಯಾಬಿನವರದ್ದು, ಆದರೂ ಎರಡು ಮಾತು ಗೊತ್ತಿರಲಿ. ಎಕ್ಸ್‌ಆರ್‌ಎಫ್‌ಗೆ, ಅಂದರೆ ಪ್ರತಿ ಧಾತು ಹೊರಬಿಡುವ ಎಕ್ಸ್‌ರೇ ಗೆರೆಯಿಂದ ಅದನ್ನು ಗುರುತಿಸಿ ಅಳೆಯುವ ಪರೀಕ್ಷೆಗೆ, ಪುಡಿಯನ್ನು ಹತ್ತು ಪಾಲು ಲಿಥಿಯಂ ಬೋರೇಟ್ ಜೊತೆ ಪ್ಲಾಟಿನಂ-ಚಿನ್ನದ ಬಟ್ಟಲಲ್ಲಿ ಕರಗಿಸಿ ಗಾಜಿನ ಬಿಲ್ಲೆ ಮಾಡುತ್ತಾರೆ. ಅದೇ ಬೀಡ್. ರಿಫ್ರಾಕ್ಟರಿಗಳಿಗೆ (ಗೂಡಿನ ಬಿಸಿ ತಾಳುವ ವಸ್ತುಗಳಿಗೆ) ಇದರ ಕ್ರಮ ಐಎಸ್‌ಒ 12677ರಲ್ಲಿದೆ. ಕೊರಂಡಮ್ ಬೋರೇಟಿನಲ್ಲಿ ಕರಗುವುದು ನಿಧಾನ. 1100 ಡಿಗ್ರಿಯಲ್ಲಿ ಆಗಾಗ ಅಲ್ಲಾಡಿಸುತ್ತ 20 ನಿಮಿಷ ಕೊಡಬೇಕು. ಅವಸರ ಮಾಡಿದರೆ ಬಿಲ್ಲೆಯ ತಳದಲ್ಲಿ ಕಲ್ಲುಸಕ್ಕರೆ ಚೂರಿನಂತೆ ಹರಳು ಕೂತಿರುತ್ತದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ. ಇನ್ನೊಂದು, ಬಿಲ್ಲೆ ಬಟ್ಟಲಿಗೆ ಅಂಟದಿರಲಿ ಅಂತ ಚಿಟಿಕೆ ಲಿಥಿಯಂ ಬ್ರೋಮೈಡ್ ಹಾಕುವುದು ರೂಢಿ. ಬ್ರೋಮಿನ್‌ನ ಒಂದು ಎಕ್ಸ್‌ರೇ ಗೆರೆ 1.480ರಲ್ಲಿ, ಅಲ್ಯುಮಿನಿಯಂ ಗೆರೆ 1.487 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ. ಮಷಿನ್ನಿಗೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಸ್ಯಾಂಪಲ್‌ಗಳಿಗೆ ಪರವಾಗಿಲ್ಲದ ಈ ಅಭ್ಯಾಸ ಅಲ್ಯುಮಿನಾ ಅಳೆಯುವಾಗ ಕೈ ಕೊಡುತ್ತದೆ. ಅಯೋಡೈಡ್ ಹಾಕಿದರೆ ಅದು ಹೋಗಿ ಟೈಟಾನಿಯಂ ಗೆರೆಯ ಮೇಲೆ ಕೂರುತ್ತದೆ, ಆದರೆ ನಿಮಗೆ ಅದರ ಚಿಂತೆ ಕಡಿಮೆ.

ಸೋಡಿಯಂಗೆ ಬೀಡ್ ಬೇಡ. ಪುಡಿಯನ್ನು ಟೆಫ್ಲಾನ್ ಒಳಪಾತ್ರೆಯ ಪ್ರೆಷರ್ ಬಾಂಬ್‌ನಲ್ಲಿ ಸಲ್ಫ್ಯೂರಿಕ್ ಆಸಿಡ್ ಜೊತೆ 200 ಡಿಗ್ರಿ ದಾಟಿಸಿ ರಾತ್ರಿಯಿಡೀ ಇಟ್ಟರೆ ಕರಗುತ್ತದೆ. ಕುಕ್ಕರ್ ಥರ, ಆದರೆ ಸೀಟಿ ಇಲ್ಲದ ಕುಕ್ಕರ್. ಸಲ್ಫ್ಯೂರಿಕ್ ಆಸಿಡ್ ಕುದಿಯುವ ಬಿಸಿಗಿಂತ ಎಷ್ಟೋ ಮೊದಲೇ ಟೆಫ್ಲಾನ್ ಮೆತ್ತಗಾಗುತ್ತದೆ, ಹಾಗಾಗಿ ಇದನ್ನು ಅಭ್ಯಾಸ ಇರುವವರೇ ಮಾಡಬೇಕು. ಆ ದ್ರಾವಣವನ್ನು ಗಾಜಿನ ಬೀಕರಿಗೆ ಸುರಿದರೆ ಗಾಜಿನ ಸೋಡಿಯಂ, ಬೋರಾನ್ ಬರುತ್ತವೆ. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು.

ಇನ್ನೊಂದು ಗುಟ್ಟು. ರಿಪೋರ್ಟಿನಲ್ಲಿ ಕಾಣುವ 99.6 ಸಾಮಾನ್ಯವಾಗಿ ಅಳೆದ ಸಂಖ್ಯೆ ಅಲ್ಲ. 99.5ಕ್ಕೂ 99.6ಕ್ಕೂ ಇರುವ ವ್ಯತ್ಯಾಸವನ್ನು ನೇರವಾಗಿ ಅಳೆಯುವುದು ಬಹಳ ಕಷ್ಟ. ಅದಕ್ಕೇ ಕಲ್ಮಶಗಳನ್ನೆಲ್ಲ ಕೂಡಿಸಿ 100ರಿಂದ ಕಳೆಯುತ್ತಾರೆ. ಮೂರನೆಯ ಲ್ಯಾಬ್ ಟಂಗ್‌ಸ್ಟನ್ ಹುಡುಕದೇ ಇದ್ದಿದ್ದರೆ ಕಳೆದು ಬಂದ ಸಂಖ್ಯೆ 99.6ರ ಹತ್ತಿರವೇ ಇರುತ್ತಿತ್ತು, ನಿಮಗೆ ಈ ಜಗಳವೂ ಇರುತ್ತಿರಲಿಲ್ಲ. ಹೆಚ್ಚು ಪ್ರಾಮಾಣಿಕವಾಗಿ ನೋಡಿದವರ ರಿಪೋರ್ಟೇ ನಿಮ್ಮ ಲಾಟಿಗೆ ಕುತ್ತಾಯಿತು.

ಈಗ ಸಿಲಿಕಾನ್ ಕಾರ್ಬೈಡ್. ಇದೇ ಕ್ರಮ ಸಾಲದು. ಇದು ಅಲ್ಯುಮಿನಾಕ್ಕಿಂತ ಗಟ್ಟಿ, ಬಿಸಿ ಮಾಡಿ ನೀರಿಗೆ ಹಾಕಿದರೂ ಅಷ್ಟು ಸುಲಭಕ್ಕೆ ಬಿರಿಯುವುದಿಲ್ಲ. ಯಾವ ಮಿಲ್ಲಿಗೆ ಹಾಕಿದರೂ ಮಿಲ್ಲೇ ಸೋಲುತ್ತದೆ. ಒಂದು ಅನುಕೂಲ ಇದೆ: ಹೈಡ್ರೋಕ್ಲೋರಿಕ್ ಆಸಿಡ್ ಇದನ್ನು ಮುಟ್ಟುವುದಿಲ್ಲ. ಆದ್ದರಿಂದ ಉಕ್ಕಿನ ಕುಟ್ಟಾಣಿಯಲ್ಲೇ ಕೊನೆಯವರೆಗೂ ಕುಟ್ಟಿ, ಬಂದ ಕಬ್ಬಿಣವನ್ನು ಬಿಸಿ ಆಸಿಡ್‌ನಲ್ಲಿ ತೊಳೆದುಬಿಡಿ. ಇಲ್ಲಿ ಪಾಲಿಥೀನ್ ಸುತ್ತುವಾಗ ಜೋಪಾನ. ಅದರ ಚೂರು ಪುಡಿಯೊಳಗೆ ಉಳಿದರೆ ಮುಕ್ತ ಇಂಗಾಲ (ಕಾರ್ಬೈಡಿಗೆ ಸೇರದೆ ಬಿಡಿಯಾಗಿರುವ ಇಂಗಾಲ) ಅಂತ ರಿಪೋರ್ಟಿನಲ್ಲಿ ಬರುತ್ತದೆ. ತೀರಾ ನುಣ್ಣಗೆ ಮಾಡಿದರೆ ಕಣದ ಮೈ ಗಾಳಿಗೆ ಆಕ್ಸಿಡೀಕರಣವಾಗಿ ಆಮ್ಲಜನಕದ ಅಂಕಿ ಏರುತ್ತದೆ.

ಮತ್ತೆ, ಇದನ್ನು ನೇರವಾಗಿ ಪ್ಲಾಟಿನಂ ಬಟ್ಟಲಿಗೆ ಹಾಕುವ ಲ್ಯಾಬಿಗೆ ಕೊಡಬೇಡಿ. ಅದನ್ನು ನಾನೇ ಒಂದು ಸಲ ಮಾಡಿದ್ದೇನೆ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಎಲ್ಲದಕ್ಕೂ ಮಾಡುವ ಹಾಗೆ ಬೋರೇಟ್ ಬೆರೆಸಿ ಸಾವಿರ ಡಿಗ್ರಿಗೆ ಇಟ್ಟೆ. ಕಾರ್ಬೈಡಿನಿಂದ ಬಿಡುಗಡೆಯಾದ ಸಿಲಿಕಾನ್ ಪ್ಲಾಟಿನಂ ಜೊತೆ ಸೇರಿಕೊಂಡರೆ ಆ ಮಿಶ್ರಲೋಹ ಸಾವಿರ ಡಿಗ್ರಿಯೊಳಗೇ ಕರಗುತ್ತದೆ, ಬರೀ ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕಾದರೂ. ಬಟ್ಟಲು ತಣ್ಣಗಾದ ಮೇಲೆ ಹಿರಿಯರೊಬ್ಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಗುಂಡುಸೂಜಿ ಮೊನೆಯಷ್ಟು ತೂತು, ಅದರೊಳಗಿಂದ ಆಕಾಶ. ಬೈಯಲಿಲ್ಲ. "ಇದರ ತೂಕ ನೋಡಿ ಬರಿ" ಅಂದರು ಅಷ್ಟೇ. ಆ ತೂಕವನ್ನು ಆ ದಿನದ ಪ್ಲಾಟಿನಂ ಬೆಲೆಯಿಂದ ಗುಣಿಸಿ ನಾನೇ ರಿಜಿಸ್ಟರ್‌ನಲ್ಲಿ ಬರೆಯಬೇಕಾಯಿತು. ನನ್ನ ಒಂದು ವರ್ಷದ ಸಂಬಳಕ್ಕಿಂತ ಜಾಸ್ತಿ. ಕಾರ್ಬೈಡನ್ನು ಮೊದಲು ಕಾರ್ಬೊನೇಟ್, ನೈಟ್ರೇಟ್ ಜೊತೆ ನಿಧಾನವಾಗಿ ಬಿಸಿ ಏರಿಸಿ ಪೂರ್ತಿ ಆಕ್ಸೈಡ್ ಮಾಡಿಕೊಂಡು, ಆಮೇಲೆ ಬೀಡ್ ಮಾಡಬೇಕು. ಐಎಸ್‌ಒ 21068 ಎಂಬ ಸ್ಟ್ಯಾಂಡರ್ಡ್ ಇರುವುದೇ ಸಿಲಿಕಾನ್ ಕಾರ್ಬೈಡ್, ಸಿಲಿಕಾನ್ ನೈಟ್ರೈಡ್ ಇರುವ ವಸ್ತುಗಳಿಗೆ. ಅದರ ಪ್ರಕಾರ ಮಾಡುತ್ತೀರಾ ಅಂತ ಮೊದಲೇ ಕೇಳಿ.

ನಿಮ್ಮ ಈಗಿನ ಜಗಳಕ್ಕೆ ಬರುತ್ತೇನೆ. ಗಿರಾಕಿಗೆ ಪತ್ರ ಬರೆಯಿರಿ. ಟಂಗ್‌ಸ್ಟನ್-ಕೋಬಾಲ್ಟ್ ಅನುಪಾತದ ಲೆಕ್ಕವನ್ನು ನಾಲ್ಕು ಸಾಲಿನಲ್ಲಿ ತೋರಿಸಿ. ಆದರೆ ಬರೀ ಲೆಕ್ಕ ತೋರಿಸಿ ಒಪ್ಪಿಕೊಳ್ಳಿ ಅನ್ನಬೇಡಿ. ಲೆಕ್ಕ ಎಷ್ಟೇ ಚಂದ ಕೂಡಿಬಂದರೂ ಅದು ಊಹೆಯೇ. ಅದೇ ಲಾಟಿನ ಲ್ಯಾಪಿಂಗ್ ಆಗದ ನಾಲ್ಕು ಉಂಗುರಗಳನ್ನು ಮೂರನೆಯ ಲ್ಯಾಬಿಗೇ ಮತ್ತೆ ಕಳಿಸಿ, ಗಿರಾಕಿ ನಂಬಿರುವುದು ಅವರನ್ನೇ ತಾನೇ. ಜೊತೆಗೊಂದು ಚೀಟಿ ಇಡಿ: ಉಕ್ಕಿನ ಕುಟ್ಟಾಣಿಯಲ್ಲಿ ಕುಟ್ಟಿ, ಅಯಸ್ಕಾಂತ ಆಡಿಸಿ, 99.7 ಅಲ್ಯುಮಿನಾ ಬಟ್ಟಲಲ್ಲಿ 75 ಮೈಕ್ರಾನ್‌ಗೆ ಅರೆಯಿರಿ. ಹಾಕಿದ್ದೆಲ್ಲ ಜರಡಿ ದಾಟಲಿ. ಕಬ್ಬಿಣಕ್ಕೆ ಬೇರೆ ಪಾಲು ತೆಗೆದು ಆಸಿಡ್‌ನಲ್ಲಿ ತೊಳೆಯಿರಿ. ಸೋಡಿಯಂಗೆ ಮತ್ತೊಂದು ಪಾಲು, ಅದಕ್ಕೆ ನೀರು ಸೋಕಿಸಬೇಡಿ. ಯಾವುದರಲ್ಲಿ ಅರೆದಿರಿ ಅನ್ನುವುದನ್ನು ರಿಪೋರ್ಟಿನಲ್ಲೇ ಬರೆಯಿರಿ. ಟಂಗ್‌ಸ್ಟನ್, ಕೋಬಾಲ್ಟ್ ಈ ಸಲವೂ ನೋಡಿ.

ಆ ಕೊನೆಯ ಸಾಲನ್ನು ಮರೆಯಬೇಡಿ. ಈ ಸಲ ಟಂಗ್‌ಸ್ಟನ್ ಕಾಣದೇ ಹೋದರೆ ಹಳೆಯದು ಮಿಲ್ಲಿನದ್ದು ಅಂತ ಅವರ ಕೈಯಿಂದಲೇ ಬರೆದು ಬಂದಂತಾಗುತ್ತದೆ. ಅಕಸ್ಮಾತ್ ಅಲ್ಯುಮಿನಾ ಬಟ್ಟಲಲ್ಲಿ ಅರೆದ ಮೇಲೂ ಟಂಗ್‌ಸ್ಟನ್ ಸಿಕ್ಕರೆ ನನಗೆ ಮತ್ತೆ ಬರೆಯಿರಿ. ಆಗ ನಿಮ್ಮ ಕಚ್ಚಾಪುಡಿ ಯಾವ ಮಿಲ್ಲಿನಲ್ಲಿ ಅರೆದು ಬಂದಿದೆ ಅಂತ ವಿಚಾರಿಸಬೇಕಾಗುತ್ತದೆ.